ಮೊಟ್ಟೆ, ಮನೆಸಾಲ, 270

ಅಮೆರಿಕದ ನಗರಗಳಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 2021ರ ಜನವರಿಯಲ್ಲಿ 1.47 ಡಾಲರ್ ಇತ್ತು. 2023ರ ಜನವರಿಗೆ ಅದು 4.82 ಡಾಲರ್‌ಗೆ ಏರಿತು. ಅಧ್ಯಕ್ಷೀಯ ಚುನಾವಣೆಯ ಹಿಂದಿನ ತಿಂಗಳು, ಅಂದರೆ 2024ರ ಅಕ್ಟೋಬರ್‌ನಲ್ಲಿ, 3.37 ಡಾಲರ್. ಡಾಲರ್‌ಗೆ 84 ರೂಪಾಯಿಯಂತೆ ಲೆಕ್ಕ ಹಾಕಿದರೆ ಒಂದು ಮೊಟ್ಟೆಗೆ ಸುಮಾರು 24 ರೂಪಾಯಿ. ಹಕ್ಕಿಜ್ವರದಿಂದ ಕೋಟಿಗಟ್ಟಲೆ ಕೋಳಿಗಳು ಹೋದದ್ದು ಇದಕ್ಕೆ ದೊಡ್ಡ ಕಾರಣ. ಶ್ವೇತಭವನದಲ್ಲಿ ಯಾರೇ ಇದ್ದಿದ್ದರೂ ಅದನ್ನು ತಡೆಯುವುದು ಸುಲಭವಿರಲಿಲ್ಲ.

ಆದರೆ ದುಬಾರಿಯಾದದ್ದು ಮೊಟ್ಟೆ ಒಂದೇ ಅಲ್ಲ. ಜೋ ಬೈಡನ್ ಅಧಿಕಾರ ವಹಿಸಿಕೊಂಡ ತಿಂಗಳಿನಿಂದ ಚುನಾವಣೆಯವರೆಗೆ ಒಟ್ಟು ಗ್ರಾಹಕ ಬೆಲೆ ಸೂಚ್ಯಂಕ ಸುಮಾರು ಶೇ 21ರಷ್ಟು ಏರಿತ್ತು. ಹಣದುಬ್ಬರ 2022ರ ಜೂನ್‌ನಲ್ಲಿ ಶೇ 9.1 ಮುಟ್ಟಿತು, ಅದೇ ತಿಂಗಳು ಒಂದು ಗ್ಯಾಲನ್ ಪೆಟ್ರೋಲಿನ ಸರಾಸರಿ ಬೆಲೆ 5 ಡಾಲರ್ ದಾಟಿತು. 2024ರ ಅಕ್ಟೋಬರ್ ಹೊತ್ತಿಗೆ ಹಣದುಬ್ಬರ ಶೇ 2.6ಕ್ಕೆ ಇಳಿದಿತ್ತು, ನಿರುದ್ಯೋಗ ಶೇ 4.1ರಲ್ಲಿತ್ತು. ಈ ಎರಡು ಅಂಕಿಗಳನ್ನು ಮುಂದಿಟ್ಟುಕೊಂಡು ಡೆಮಾಕ್ರಟಿಕ್ ಪಕ್ಷದವರೂ ಹಲವು ಅರ್ಥಶಾಸ್ತ್ರಜ್ಞರೂ ಆರ್ಥಿಕತೆ ಚೆನ್ನಾಗಿದೆ, ಜನಕ್ಕೆ ಅದು ಅರ್ಥವಾಗುತ್ತಿಲ್ಲ ಎಂದರು.

ಜನಕ್ಕೆ ಸರಿಯಾಗಿಯೇ ಅರ್ಥವಾಗಿತ್ತು ಎಂದು ನನ್ನ ನಂಬಿಕೆ. ಶೇ 9.1ರಿಂದ ಶೇ 2.6ಕ್ಕೆ ಇಳಿದದ್ದು ಬೆಲೆ ಏರುವ ವೇಗ ಮಾತ್ರ. ಏರಿದ ಬೆಲೆ ಏರಿದಲ್ಲೇ ನಿಂತಿತ್ತು. 2021ರಲ್ಲಿ 100 ಡಾಲರ್‌ಗೆ ಬರುತ್ತಿದ್ದ ಸಾಮಾನಿಗೆ ಮತ ಹಾಕುವ ವಾರ 121 ಡಾಲರ್ ತೆರಬೇಕಿತ್ತು. ಖಾಸಗಿ ವಲಯದ ಸರಾಸರಿ ಗಂಟೆಯ ವೇತನ ಇದೇ ಅವಧಿಯಲ್ಲಿ ಸುಮಾರು 30 ಡಾಲರ್‌ನಿಂದ 35.5 ಡಾಲರ್‌ಗೆ ಏರಿತು, ಹೆಚ್ಚುಕಡಿಮೆ ಶೇ 18. 2023ರ ನಂತರ ವೇತನ ಬೆಲೆಗಿಂತ ಬೇಗ ಏರಿದ್ದು ನಿಜ, ಆದರೆ ಅದಕ್ಕೆ ಮೊದಲಿನ ಎರಡು ವರ್ಷ ಕಳೆದುಕೊಂಡದ್ದು ಪೂರ್ತಿ ಭರ್ತಿಯಾಗಿರಲಿಲ್ಲ.

ಮನೆಸಾಲದ ಲೆಕ್ಕ ಇನ್ನೂ ಕಠೋರ. 30 ವರ್ಷದ ಸ್ಥಿರ ಬಡ್ಡಿಯ ಸಾಲಕ್ಕೆ 2021ರ ಜನವರಿಯಲ್ಲಿ ದರ ಶೇ 2.65ಕ್ಕೆ ಇಳಿದಿತ್ತು, ಅದಕ್ಕಿಂತ ಕಡಿಮೆ ದರ ಅಲ್ಲಿ ದಾಖಲಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದೇ ದರ ಶೇ 7.79. ಮೂರು ಲಕ್ಷ ಡಾಲರ್ ಸಾಲ ಮಾಡಿದವರ ಮಾಸಿಕ ಕಂತು ಮೊದಲಿನ ದರದಲ್ಲಿ ಸುಮಾರು 1,209 ಡಾಲರ್, ಎರಡನೆಯದರಲ್ಲಿ ಸುಮಾರು 2,158. ಅದೇ ಸಾಲ, ಅಷ್ಟೇ ವರ್ಷ, ತಿಂಗಳಿಗೆ 950 ಡಾಲರ್ ಹೆಚ್ಚು. ಮೊದಲೇ ಮನೆ ಕೊಂಡವರಿಗೆ ಇದರ ಬಿಸಿ ತಟ್ಟಲಿಲ್ಲ, ಏಕೆಂದರೆ ಅವರ ಬಡ್ಡಿ ಬದಲಾಗುವುದಿಲ್ಲ. ತಟ್ಟಿದ್ದು ಆಗಷ್ಟೇ ಸಂಸಾರ ಹೂಡಿ ಮೊದಲ ಮನೆ ಹುಡುಕುತ್ತಿದ್ದವರಿಗೆ. ಸೂಚ್ಯಂಕದ ಸರಾಸರಿಯೊಳಗೆ ಇವರ ಸಂಕಟ ಕಾಣುವುದೇ ಇಲ್ಲ.

1980ರ ಅಕ್ಟೋಬರ್ 28ರ ಚರ್ಚೆಯಲ್ಲಿ ರೊನಾಲ್ಡ್ ರೇಗನ್ ಮತದಾರರಿಗೆ ಒಂದು ಪ್ರಶ್ನೆ ಹಾಕಿದ್ದರು: ನಾಲ್ಕು ವರ್ಷದ ಹಿಂದಿಗಿಂತ ನಿಮ್ಮ ಸ್ಥಿತಿ ಸುಧಾರಿಸಿದೆಯೇ? ವಾರದ ನಂತರ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎಲೆಕ್ಟೋರಲ್ ಮತಗಳಲ್ಲಿ 489–49ರಿಂದ ಸೋತರು. 2024ರ ಮತಗಟ್ಟೆ ಸಮೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಸುಧಾರಿಸಿದೆ ಎಂದವರು ನಾಲ್ವರಲ್ಲಿ ಒಬ್ಬರು. ಹದಗೆಟ್ಟಿದೆ ಎಂದವರು ಶೇ 45ರ ಆಸುಪಾಸು. ಹಾಗೆಂದು ಎಲ್ಲರೂ ಕಿಸೆ ನೋಡಿಕೊಂಡೇ ಮತ ಹಾಕಿದರೆನ್ನುವುದು ತಪ್ಪು. ಅತಿ ಮುಖ್ಯ ವಿಷಯ ಯಾವುದೆಂದು ಕೇಳಿದಾಗ ಶೇ 34 ಮಂದಿ ಪ್ರಜಾಪ್ರಭುತ್ವದ ಸ್ಥಿತಿ ಎಂದರು, ಶೇ 32 ಆರ್ಥಿಕತೆ, ಶೇ 14 ಗರ್ಭಪಾತದ ಹಕ್ಕು, ಶೇ 11 ವಲಸೆ, ಶೇ 4 ವಿದೇಶಾಂಗ ನೀತಿ. ಪ್ರಜಾಪ್ರಭುತ್ವ ಎಂದವರಲ್ಲಿ ಐವರಲ್ಲಿ ನಾಲ್ವರು ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಕಡೆಗಿದ್ದರೆ, ಆರ್ಥಿಕತೆ ಎಂದವರಲ್ಲಿ ಅಷ್ಟೇ ಪಾಲು ರಿಪಬ್ಲಿಕನ್ ಅಭ್ಯರ್ಥಿ ಡೊನಾಲ್ಡ್ ಟ್ರಂಪ್ ಕಡೆಗಿದ್ದರು.

ಇಬ್ಬರೂ ಕೊಟ್ಟ ಭರವಸೆಗಳಿಗೂ ಬೆಲೆಚೀಟಿ ಇತ್ತು. ಹ್ಯಾರಿಸ್ ಅವರದು ಮೊದಲ ಮನೆ ಕೊಳ್ಳುವವರಿಗೆ 25,000 ಡಾಲರ್ ನೆರವು, ಹಸುಗೂಸಿರುವ ಕುಟುಂಬಕ್ಕೆ ಮೊದಲ ವರ್ಷ 6,000 ಡಾಲರ್ ತೆರಿಗೆ ರಿಯಾಯಿತಿ. ಟ್ರಂಪ್ ಬೆಲೆ ಇಳಿಸುತ್ತೇನೆ ಎಂದರು. ಜತೆಗೆ ಎಲ್ಲ ಆಮದಿನ ಮೇಲೆ ಶೇ 10ರಿಂದ 20, ಚೀನಾದ ಸರಕಿನ ಮೇಲೆ ಶೇ 60 ಸುಂಕ ಎಂದೂ ಹೇಳಿದರು. ಸುಂಕ ಕಟ್ಟುವುದು ಆಮದು ಮಾಡಿಕೊಳ್ಳುವ ಅಮೆರಿಕದ ಕಂಪನಿ. ಅದರ ಬಹುಪಾಲು ಕೊನೆಗೆ ಗಿರಾಕಿಯ ಬಿಲ್ಲಿಗೇ ಬಂದು ಸೇರುತ್ತದೆ. ಈ ಎರಡು ಮಾತು ಒಂದೇ ಬಾಯಲ್ಲಿ ಬಂದಾಗ ಕೇಳುವವರು ತಡೆದು ಪ್ರಶ್ನಿಸಬೇಕಿತ್ತು. ಜವಾಬ್ದಾರಿಯುತ ಫೆಡರಲ್ ಬಜೆಟ್ ಸಮಿತಿ ಎಂಬ ಸ್ವತಂತ್ರ ಸಂಸ್ಥೆ 2024ರ ಅಕ್ಟೋಬರ್ ಆರಂಭದಲ್ಲಿ ಮಾಡಿದ ಅಂದಾಜಿನಂತೆ, ಹತ್ತು ವರ್ಷದಲ್ಲಿ ಟ್ರಂಪ್ ಯೋಜನೆಗಳಿಂದ ದೇಶದ ಸಾಲ 7.5 ಲಕ್ಷ ಕೋಟಿ ಡಾಲರ್, ಹ್ಯಾರಿಸ್ ಯೋಜನೆಗಳಿಂದ 3.5 ಲಕ್ಷ ಕೋಟಿ ಡಾಲರ್ ಹೆಚ್ಚುತ್ತಿತ್ತು. ಸಾಲದ ವಿಚಾರ ಪ್ರಚಾರದಲ್ಲಿ ಹೆಚ್ಚು ಸದ್ದು ಮಾಡಲಿಲ್ಲ.

ಇಷ್ಟೆಲ್ಲ ತೂಗಿ ನೋಡಿದವರ ಮತಕ್ಕೆ ಸಿಕ್ಕ ಬೆಲೆ ಮಾತ್ರ ಒಂದೇ ಅಲ್ಲ. ಟ್ರಂಪ್‌ಗೆ ಸುಮಾರು 7.73 ಕೋಟಿ, ಹ್ಯಾರಿಸ್‌ಗೆ 7.50 ಕೋಟಿ ಮತ ಬಂದವು. ರಾಜ್ಯವಾರು ಮತಗಳಿಂದ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಅದು 312–226 ಆಯಿತು. ಗೆಲ್ಲಲು ಬೇಕಿದ್ದದ್ದು 270. ವಿಸ್ಕಾನ್ಸಿನ್‌ನಲ್ಲಿ ಅಂತರ 29,397, ಮಿಷಿಗನ್‌ನಲ್ಲಿ 80,103, ಪೆನ್ಸಿಲ್ವೇನಿಯಾದಲ್ಲಿ 1,20,266. ಈ ಮೂರು ರಾಜ್ಯಗಳ 44 ಎಲೆಕ್ಟೋರಲ್ ಮತ ಹ್ಯಾರಿಸ್ ಕಡೆ ಬಂದಿದ್ದರೆ ಸರಿಯಾಗಿ 270 ಆಗುತ್ತಿತ್ತು. ಅದಕ್ಕೆ ಮನಸ್ಸು ಬದಲಿಸಬೇಕಿದ್ದವರು ಸುಮಾರು 1.15 ಲಕ್ಷ ಜನ, ದೇಶದ 15.5 ಕೋಟಿ ಮತದಲ್ಲಿ ಸಾವಿರಕ್ಕೆ ಒಬ್ಬರೂ ಅಲ್ಲ. 2020ರಲ್ಲಿ ಇದು ಇನ್ನೂ ಕಿರಿದಾಗಿತ್ತು: ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರರ ಅಂತರ ಕೂಡಿದರೆ 42,918. ಮತದ ತೂಕವೂ ರಾಜ್ಯಕ್ಕೊಂದು: ಕ್ಯಾಲಿಫೋರ್ನಿಯಾದಲ್ಲಿ ಒಂದು ಎಲೆಕ್ಟೋರಲ್ ಮತಕ್ಕೆ ಸುಮಾರು 7.3 ಲಕ್ಷ ಜನ, ವಯೋಮಿಂಗ್‌ನಲ್ಲಿ 1.9 ಲಕ್ಷ.

ಅಂಚಿನಲ್ಲಿ ನಿಂತ ಇಂಥ ರಾಜ್ಯಗಳಲ್ಲಿ ಭಾರತೀಯ ಮೂಲದವರೂ ಲೆಕ್ಕಕ್ಕೆ ಬರುತ್ತಾರೆ. ಮಿಷಿಗನ್‌ನ ಡೆಟ್ರಾಯಿಟ್ ಭಾಗದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಹೋಗಿರುವ ಶ್ರೀ ಥಾಣೇದಾರ್ ಬೆಳಗಾವಿಯಲ್ಲಿ ಬೆಳೆದವರು. ಕಾರ್ನೆಗಿ ಸಂಸ್ಥೆಯ ಸಮೀಕ್ಷೆಗಳಲ್ಲಿ ಭಾರತೀಯ ಅಮೆರಿಕನ್ನರ ಪೈಕಿ ಟ್ರಂಪ್ ಬೆಂಬಲಿಗರು 2020ರಲ್ಲಿ ಶೇ 22 ಇದ್ದದ್ದು 2024ರಲ್ಲಿ ಶೇ 32 ಆಯಿತು.

ಇನ್ನುಳಿದದ್ದು ಮತ ಹಾಕದವರು: ಅರ್ಹರಾಗಿದ್ದೂ ಬಾರದವರು ಸುಮಾರು 8.9 ಕೋಟಿ, ಗೆದ್ದವರಿಗೆ ಬಿದ್ದ ಮತಕ್ಕಿಂತ ಹೆಚ್ಚು. ನವೆಂಬರ್‌ನ ಮೊದಲ ಸೋಮವಾರದ ಮರುದಿನ, ಮಂಗಳವಾರ, ಮತದಾನ ಎಂದು 1845ರ ಕಾನೂನು ನಿಗದಿ ಮಾಡಿದೆ. ಅವತ್ತು ದೇಶಕ್ಕೆಲ್ಲ ರಜೆ ಇಲ್ಲ. ಭಾರತದಲ್ಲಿ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ಅಮೆರಿಕದಲ್ಲಿ ಅಂಥ ಕೇಂದ್ರ ಕಾನೂನಿಲ್ಲ, ಹಲವು ರಾಜ್ಯಗಳು ಕೆಲವು ಗಂಟೆ ಬಿಡುವು ಕೊಡಿಸುತ್ತವೆ. ಪೆನ್ಸಿಲ್ವೇನಿಯಾದಲ್ಲೂ ವಿಸ್ಕಾನ್ಸಿನ್‌ನಲ್ಲೂ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಬದಲಾಗಿಲ್ಲ. ಅಂಚೆ ಮತ, ಮುಂಚಿತ ಮತದಾನ ಕಷ್ಟವನ್ನು ಕಡಿಮೆ ಮಾಡಿವೆ. ಆದರೂ ಮೂರು ಗಂಟೆ ಕೆಲಸ ಬಿಟ್ಟು ಮತಗಟ್ಟೆಗೆ ಹೋಗಬೇಕಾದ ಕೂಲಿಯವನಿಗೆ ಅದರ ಬೆಲೆ 21.75 ಡಾಲರ್, ಮತ್ತು ಆ ನಷ್ಟವನ್ನು ಅಮೆರಿಕದ ಸಂಸತ್ತು ಸಂಬಳಸಹಿತ ರಜೆ ಕಡ್ಡಾಯ ಮಾಡುವ ಕಾನೂನು ತಂದು ಬಹುಮಟ್ಟಿಗೆ ತಪ್ಪಿಸಬಹುದು.