ಪಾಯಿಂಟ್ ಟೂಟೂ ರೈಫಲ್ಲಿನ ಲಕ್ಷ್ಯಶುದ್ಧಿ

ಐನಾಪುರದಂಥ ಊರುಗಳಿಂದ ಚಿಂಚೋಳಿ, ಸೇಡಂ, ಚಿತ್ತಾಪುರಗಳ ಕಾಲೇಜಿಗೆ ಹೋಗಿ ಎನ್‌ಸಿಸಿ ಸೇರುವ ತರುಣ ತರುಣಿಯರ ಕೈಗೆ ಶಿಬಿರದಲ್ಲಿ ಬರುವ ಬಂದೂಕು ಬಹುಮಟ್ಟಿಗೆ ಪಾಯಿಂಟ್ ಟೂಟೂ (.22 ಇಂಚು ನಳಿಗೆಯ) ರೈಫಲ್ಲೇ. ನೆಲದ ಮೇಲೆ ಬೋರಲಾಗಿ ಮಲಗಿ, 25 ಗಜ ದೂರದ ಕಾಗದಕ್ಕೆ ಐದು ಗುಂಡು ಹಾರಿಸಿ, ಅವು ಎಷ್ಟು ಒತ್ತಾಗಿ ಬಿದ್ದಿವೆಯೆಂದು ಅಳೆದು ನೋಡುವುದನ್ನು ಅವರು ಗ್ರೂಪಿಂಗ್ ಎನ್ನುತ್ತಾರೆ. ಗುಂಡುಗಳು ಕಾಗದದ ನಡುವೆ ಬೀಳದೆ ಮೂಲೆಯಲ್ಲಿ ಬಿದ್ದರೂ ಉಸ್ತಾದರು ಬೇಸರಿಸುವುದಿಲ್ಲ. ಐದೂ ಒಂದೆಡೆ ಬಿದ್ದಿದ್ದರೆ ಗುರಿ ನೋಡುವ ಸೈಟನ್ನು ಸರಿಸಿ ಆ ಗುಂಪನ್ನು ನಡುವಿಗೆ ತರಬಹುದು, ಚದುರಿ ಬಿದ್ದವನ್ನು ಕೂಡಿಸಬಲ್ಲ ಸೈಟು ಮಾತ್ರ ಈವರೆಗೆ ಹುಟ್ಟಿಲ್ಲ. ರೈಫಲ್ಲಿನ ನಿಖರತೆಯೆಂಬುದು ಮೂಲತಃ ಏಕರೂಪತೆಯೇ ಎಂಬ ತತ್ತ್ವ ಈ ಮೊದಲ ಪಾಠದಲ್ಲೇ ಅಡಗಿದೆ.

ಇದೇ ಅಳತೆಯ ತೋಟಾ ಒಲಿಂಪಿಕ್ಸಿನವರೆಗೂ ಹೋಗುತ್ತದೆ. 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ, ನಮ್ಮ ಬೆಳಗಾವಿಗೆ ನೆರೆಯಾದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ 451.4 ಅಂಕ ಗಳಿಸಿ ಕಂಚಿನ ಪದಕ ತಂದರು. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, ಅದರಿಂದಾಚೆ ಎಂಟೆಂಟು ಮಿಲಿಮೀಟರಿಗೆ ಒಂದೊಂದು ಅಂಕ ಇಳಿಯುತ್ತದೆ. ಮುಂದೆ ಹೇಳುವ ಅಳತೆಗಳನ್ನೆಲ್ಲ ಓದುಗರು ಈ ಎಂಟು ಮಿಲಿಮೀಟರಿನ ಪಕ್ಕದಲ್ಲಿಟ್ಟು ನೋಡಬೇಕು.

ರಿಮ್‌ಫೈರ್ ಎಂಬ ಈ ಬಗೆಯ ತೋಟಾದ ಕಥೆ 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೇರ್ ಎಂಬವನಿಂದ ಮೊದಲಾಗುತ್ತದೆ. ಇಂದು ಬಳಕೆಯಲ್ಲಿರುವ ಲಾಂಗ್ ರೈಫಲ್ ತೋಟಾ 1887ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ದೊಡ್ಡ ರೈಫಲ್ಲಿನ ತೋಟಾದಲ್ಲಿ ಬುಡದ ನಡುವೆ ಪ್ರತ್ಯೇಕವಾದ ಕ್ಯಾಪು ಇರುತ್ತದೆ; ಇದರಲ್ಲಾದರೋ ಹೊತ್ತಿಕೊಳ್ಳುವ ಮದ್ದು ಬುಡದ ಅಂಚಿನ ಟೊಳ್ಳಿನ ಸುತ್ತಲೂ ಹರಡಿಕೊಂಡಿದ್ದು, ಪಿನ್ನು ಆ ಅಂಚನ್ನು ಜಜ್ಜಿದಾಗ ಕಿಡಿಯೇಳುತ್ತದೆ. ಒಮ್ಮೆ ಜಜ್ಜಿದ ಅಂಚನ್ನು ಮತ್ತೆ ನೆಟ್ಟಗೆ ಮಾಡಲಾಗದಾದ್ದರಿಂದ ಖಾಲಿ ಕೋಶವನ್ನು ಪುನಃ ತುಂಬುವಂತಿಲ್ಲ. ದೊಡ್ಡ ರೈಫಲ್ಲಿನ ಸ್ಪರ್ಧಿ ಮದ್ದನ್ನು ತೂಗಿ ತನ್ನ ಬಂದೂಕಿಗೊಪ್ಪುವ ತೋಟಾವನ್ನು ತಾನೇ ಕಟ್ಟಿಕೊಳ್ಳಬಲ್ಲನು. ಪಾಯಿಂಟ್ ಟೂಟೂ ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ, ಕಾರ್ಖಾನೆ ಕೊಟ್ಟದ್ದರಲ್ಲಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಮಾತ್ರ ಅವನದು.

ಆದಕಾರಣ ನಿಖರತೆಯನ್ನು ಹೆಚ್ಚಿಸಬಯಸುವವನು ದುರ್ಬೀನಿಗೂ ಹೊಸ ಹಿಡಿಮರಕ್ಕೂ (ಸ್ಟಾಕ್) ಹಣ ಸುರಿಯುವ ಮುನ್ನ ತೋಟಾವನ್ನು ಪರೀಕ್ಷಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 320ರಿಂದ 330 ಮೀಟರ್ ವೇಗದಲ್ಲಿ, ಅಂದರೆ ಶಬ್ದದ ವೇಗಕ್ಕೆ ತುಸು ಕಡಿಮೆಯಾಗಿ ಹೊರಡುತ್ತದೆ. 50 ಮೀಟರ್ ಕ್ರಮಿಸುವಷ್ಟರಲ್ಲಿ ಅದು ಸುಮಾರು 12 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಒಂದು ತೋಟಾ ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರಿನಷ್ಟು ನಿಧಾನವಾದರೆ ಆ ಇಳಿತ ಏಳು ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಹಿಡಿತದಲ್ಲಿ, ಉಸಿರಿನಲ್ಲಿ, ದೃಷ್ಟಿಯಲ್ಲಿ ಯಾವ ದೋಷವೂ ಇಲ್ಲದೆ ಒಂದು ಅಂಕ ಹೋದಂತೆಯೇ ಸರಿ. ಇಂಗ್ಲೆಂಡಿನ ಈಲೀ, ಫಿನ್ಲೆಂಡ್ ಮೂಲದ ಲಾಪುವಾ ಮುಂತಾದ ಹೆಸರಾಂತ ಕಂಪನಿಗಳ ತೋಟಾಗಳಲ್ಲಿಯೂ ಒಂದು ಲಾಟಿಗೂ, ಅಂದರೆ ಒಟ್ಟಿಗೆ ತಯಾರಾದ ಕಂತಿಗೂ, ಮತ್ತೊಂದು ಲಾಟಿಗೂ ಭೇದವುಂಟು. ಒಂದು ನಳಿಗೆಗೆ ಒಲಿದ ಲಾಟು, ಅದೇ ಕಾರ್ಖಾನೆಯಲ್ಲಿ ಅದೇ ಯಂತ್ರದಿಂದ ಹೊರಬಂದ ಇನ್ನೊಂದು ನಳಿಗೆಗೆ ಒಲಿಯದೆ ಹೋಗಬಹುದು. ಇದನ್ನು ತರ್ಕದಿಂದ ಮುಂದಾಗಿ ಊಹಿಸುವ ದಾರಿಯಿಲ್ಲ. ಅದಕ್ಕಾಗಿಯೇ ಅಂತರರಾಷ್ಟ್ರೀಯ ಸ್ಪರ್ಧಿಗಳು ರೈಫಲ್ಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು, ಲಾಟಿನ ಮೇಲೆ ಲಾಟು ಹಾರಿಸಿ ನೋಡಿ, ಒಪ್ಪಿದ್ದನ್ನು ವರ್ಷಕ್ಕಾಗುವಷ್ಟು ಒಟ್ಟಿಗೇ ಕೊಂಡಿಡುತ್ತಾರೆ. ಮೇಣದ ಲೇಪವಿರುವ ಈ ಗುಂಡುಗಳು ನಳಿಗೆಯೊಳಗೆ ತಮ್ಮ ಪದರವನ್ನು ಬಿಡುವುದರಿಂದ, ತೋಟಾ ಬದಲಿಸಿದೊಡನೆ ಹಾರಿಸಿದ ಮೊದಲ ಕೆಲವನ್ನು ಲೆಕ್ಕಕ್ಕೆ ಹಿಡಿಯಲಾಗದು.

ತೋಟಾದ ತರುವಾಯ ಬಂದೂಕಿನ ಅಂಗಗಳು. ಉಕ್ಕಿನ ಭಾಗವು ಹಿಡಿಮರದಲ್ಲಿ ಪ್ರತಿ ಹೊಡೆತದ ಬಳಿಕವೂ ಕೂದಲೆಳೆಯಷ್ಟೂ ಕದಲದೆ ಮೊದಲಿನಂತೆಯೇ ಕೂತಿರಬೇಕು; ಅದಕ್ಕಾಗಿ ಎಪಾಕ್ಸಿ ಹುಯ್ದು ಪೀಠ ಕಟ್ಟುವುದೂ, ಸ್ಕ್ರೂಗಳನ್ನು ಕೈಯಂದಾಜಿನಲ್ಲಿ ಬಿಡದೆ ಟಾರ್ಕ್ ಪಾನಾದಿಂದ ಪ್ರತಿಸಲವೂ ಒಂದೇ ಬಿಗುವಿಗೆ ತರುವುದೂ ರೂಢಿಯಲ್ಲಿವೆ. ಮಳೆಗಾಲದಲ್ಲಿ ಉಬ್ಬುವ, ಬೇಸಿಗೆಯಲ್ಲಿ ಕುಗ್ಗುವ ಮರ ನಳಿಗೆಯನ್ನು ಒತ್ತದಂತೆ ನಡುವೆ ಒಂದು ಹಾಳೆ ಸಲೀಸಾಗಿ ಜಾರುವಷ್ಟು ಎಡೆಯಿರಬೇಕು. ನಳಿಗೆಯ ಬಾಯಂಚಿಗೆ ಸಣ್ಣ ಪೆಟ್ಟು ತಗುಲಿದ್ದರೂ, ಗುಂಡು ಬಿಡುಗಡೆಯಾಗುವ ಗಳಿಗೆಯಲ್ಲಿ ಅನಿಲವು ಒಂದು ಪಕ್ಕದಿಂದ ಮೊದಲು ನುಗ್ಗಿ ಅದನ್ನು ಓರೆಯಾಗಿಸುತ್ತದೆ. ಆ ಪೆಟ್ಟು ಬೀಳುವುದು ಎಷ್ಟೋ ವೇಳೆ ಬಾಯಿಯ ಕಡೆಯಿಂದ ಕೋಲು ತೂರಿಸಿ ಶುಚಿಮಾಡುವವರ ಕೈಯಿಂದಲೇ! ಶುಚಿ ಮಾಡುವುದು ಯಾವಾಗಲೂ ಹಿಂಬದಿಯಿಂದ; ಮಾಡಬೇಕಾದದ್ದೂ ಮುಖ್ಯವಾಗಿ ತೋಟಾ ಕೂರುವ ಚೇಂಬರಿನ ಮುಂದೆ ಕಟ್ಟುವ ಕರಿಯ ಉಂಗುರವನ್ನು. ಖಾಲಿ ಚೇಂಬರಿನ ಮೇಲೆ ಟ್ರಿಗರ್ ಒತ್ತಿ ಅಭ್ಯಾಸ ಮಾಡುವ ಚಾಳಿಯೂ ಹಳೆಯ ರಿಮ್‌ಫೈರುಗಳಿಗೆ ಅಪಾಯಕರ, ಏಕೆಂದರೆ ಅಂಚಿಗೆ ಬೀಳಬೇಕಾದ ಪಿನ್ನು ಅಂಚಿಲ್ಲದಾಗ ಚೇಂಬರಿನ ತುಟಿಯನ್ನೇ ತಗ್ಗುಮಾಡುತ್ತದೆ.

ನಳಿಗೆಯ ಬಾಯಿಗೆ ಸಿಕ್ಕಿಸುವ ಟ್ಯೂನರ್ ಎಂಬ ಚಿಕ್ಕ ತೂಕದ ವಿಚಾರ ಸ್ವಾರಸ್ಯಕರವಾದುದು. ಗುಂಡು ಹಾರುವಾಗ ನಳಿಗೆ ವೀಣೆಯ ತಂತಿಯ ಹಾಗೆ ಕಂಪಿಸುತ್ತದೆ. ಬಾಯಿ ಮೇಲಕ್ಕೇಳುತ್ತಿರುವ ಹಂತದಲ್ಲಿ ಗುಂಡು ಹೊರಬರುವಂತೆ ತೂಕವನ್ನು ಹಿಂದೆ ಮುಂದೆ ಸರಿಸಿಟ್ಟರೆ, ವೇಗದ ಗುಂಡು ಬೇಗ ಬಂದು ತುಸು ಕೆಳಮುಖವಾಗಿಯೂ, ಹೆಚ್ಚು ಇಳಿಯುವ ನಿಧಾನದ ಗುಂಡು ತಡವಾಗಿ ಬಂದು ತುಸು ಮೇಲ್ಮುಖವಾಗಿಯೂ ಹೊರಟು, 50 ಮೀಟರಿನಲ್ಲಿ ಎರಡೂ ಒಂದೇ ಎತ್ತರಕ್ಕೆ ಸೇರುತ್ತವೆ. ಆದರೆ ತೋಟಾವನ್ನು ಆರಿಸದೆ ಟ್ಯೂನರನ್ನು ತಿರುಗಿಸುತ್ತ ಕೂರುವುದು ವ್ಯರ್ಥಶ್ರಮ.

ಇನ್ನುಳಿದದ್ದು ಗಾಳಿ. ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಕೊಡಗಿನವರು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಪಾಯಿಂಟ್ ಟೂಟೂವಿಗೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಆ ಮಲೆನಾಡಿನಲ್ಲಿ ಮರಗಳ ಮರೆ ಗಾಳಿಯನ್ನು ಎಷ್ಟೋ ತಡೆಯುತ್ತದೆ. ನಮ್ಮ ಕಾಗಿಣಾ ನದೀತೀರದ ಎರೆಹೊಲಗಳ ಬಯಲಲ್ಲಿ, ಶಹಾಬಾದ್ ವಾಡಿಗಳ ಕಲ್ಲುಗಣಿಯ ಸೀಮೆಯಲ್ಲಿ ಅಂಥ ಮರೆಯೆಲ್ಲಿ? ಅಡ್ಡಲಾಗಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬೀಸುವ ಗಾಳಿ, ಕೆನ್ನೆಗೆ ತಾಕಿದ್ದು ಗೊತ್ತಾಗುವಷ್ಟೂ ಬಲವಿಲ್ಲದ್ದು, 50 ಮೀಟರಿನಲ್ಲಿ ಗುಂಡನ್ನು ಸುಮಾರು ಆರು ಮಿಲಿಮೀಟರ್ ಸರಿಸುತ್ತದೆ. ಆಷಾಢದ ಗಾಳಿಯ ಮಾತನ್ನಂತೂ ಹೇಳುವುದೇ ಬೇಡ. ತೋಟಾವನ್ನು ಒರೆಗೆ ಹಚ್ಚುವುದಕ್ಕೆ ಇಲ್ಲಿ ಯೋಗ್ಯವಾದುದು ಗಾಳಿ ಏಳುವ ಮೊದಲಿನ ಮುಂಜಾವೇ. ವೈಶಾಖದ ಬಿಸಿಲಲ್ಲಿ ಕಲ್ಲಿನ ಮೇಲೆ ಬಿಟ್ಟ ಡಬ್ಬಿಯ ತೋಟಾ, ನೆರಳಲ್ಲಿಟ್ಟದ್ದರ ವೇಗದಲ್ಲಿ ಹಾರುವುದಿಲ್ಲ. ಮೇಣವೂ ಮೆತ್ತಗಾಗಿ ಗಣಿಯ ಧೂಳನ್ನು ಹಿಡಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ, ನೆರಳಲ್ಲಿ, ಬೇಕಾದಾಗ ಒಂದೊಂದನ್ನೇ ತೆಗೆದುಕೊಳ್ಳಬೇಕು. ಗುರಿಯವರೆಗೂ ನಡುನಡುವೆ ತೆಳ್ಳನೆಯ ಬಟ್ಟೆಯ ಪಟ್ಟಿಗಳನ್ನು ಕಡ್ಡಿಗೆ ಕಟ್ಟಿ ನೆಟ್ಟು, ಅವೆಲ್ಲ ಒಂದೇ ರೀತಿ ತೂಗುವವರೆಗೆ ಕಾದು, ಆ ಬಳಿಕವೇ ಟ್ರಿಗರ್ ಒತ್ತಬೇಕು.