ಮಾತೃಭಾಷೆ, ಧರ್ಮ, ಜಾತಿ: ಮೂರು ಅಂಕಣಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ಸರ್ಕಾರಿ ಸೇವೆಗಳ ಅರ್ಜಿ, ಶಾಲಾ ದಾಖಲಾತಿ ಹಾಗೂ ಜನಗಣತಿಯ ನಮೂನೆಗಳಲ್ಲಿ ಮಾತೃಭಾಷೆ, ಧರ್ಮ, ಜಾತಿ ಎಂಬ ಅಂಕಣಗಳಿರುತ್ತವೆ. ಇವು ಮೂರು ಪ್ರತ್ಯೇಕ ಪ್ರಶ್ನೆಗಳಾಗಿದ್ದು, ಪ್ರತಿಯೊಂದಕ್ಕೂ ಬೇರೆ ಬೇರೆ ನಿಯಮಗಳು ಅನ್ವಯಿಸುತ್ತವೆ. ಒಂದರ ಉತ್ತರದಿಂದ ಮತ್ತೊಂದನ್ನು ಊಹಿಸಿ ಭರ್ತಿ ಮಾಡಿದಲ್ಲಿ ಅರ್ಜಿದಾರರಿಗೆ ತೊಂದರೆಯಾಗುವ ಸಂಭವವಿರುತ್ತದೆ. ದಾವಣಗೆರೆ ಜಿಲ್ಲೆಯ ಸವಳಂಗ ಸುತ್ತಲಿನ ತಾಂಡಾಗಳ ಬಂಜಾರ ಸಮುದಾಯದ ನಿದರ್ಶನದ ಮೂಲಕ ಇದನ್ನು ಇಲ್ಲಿ ವಿವರಿಸಲಾಗಿದೆ. ಈ ಸಮುದಾಯದ ಆರಾಧ್ಯರಾದ ಸಂತ ಸೇವಾಲಾಲರ ಪುಣ್ಯಕ್ಷೇತ್ರವಾದ ಸೂರಗೊಂಡನಕೊಪ್ಪವು ಇದೇ ನ್ಯಾಮತಿ ತಾಲ್ಲೂಕಿನಲ್ಲಿದೆ.

ಮಾತೃಭಾಷೆ

ಬಾಲ್ಯದಲ್ಲಿ ತಾಯಿಯು ವ್ಯಕ್ತಿಯೊಡನೆ ಆಡಿದ ಭಾಷೆಯೇ ಮಾತೃಭಾಷೆ ಎಂಬುದು ಜನಗಣತಿಯ ವ್ಯಾಖ್ಯೆ. ಶಾಲೆಯಲ್ಲಿ ಕಲಿತ ಭಾಷೆ ಅಥವಾ ಬರೆಯಲು ಬಳಸುವ ಲಿಪಿ ಇದಕ್ಕೆ ಆಧಾರವಲ್ಲ. ಲಂಬಾಣಿ ಭಾಷೆಗೆ ಸ್ವಂತ ಲಿಪಿಯಿಲ್ಲ. ಕರ್ನಾಟಕದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಯಿದೆ. ಹಾಗೆಂದು ಮಾತೃಭಾಷೆ ಕನ್ನಡವೆಂದು ಬರೆಯಿಸಿದಲ್ಲಿ ಲಂಬಾಣಿ ಆಡುವವರ ಸಂಖ್ಯೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

2011ರ ಜನಗಣತಿಯಲ್ಲಿ ಜನರು ಹೇಳಿದ 19,569 ಹೆಸರುಗಳನ್ನು ಪರಿಶೀಲಿಸಿ 1,369 ಮಾತೃಭಾಷೆಗಳನ್ನು ಗುರುತಿಸಲಾಯಿತು. ಹತ್ತು ಸಾವಿರ ಅಥವಾ ಹೆಚ್ಚು ಜನರು ಆಡುವ ಭಾಷೆಗಳನ್ನು 121 ಶೀರ್ಷಿಕೆಗಳಡಿ ವರ್ಗೀಕರಿಸಲಾಯಿತು. ಲಮಾಣಿ/ಲಂಬಾಡಿ ಎಂದು 32 ಲಕ್ಷಕ್ಕೂ ಹೆಚ್ಚು, ಬಂಜಾರಿ ಎಂದು 15 ಲಕ್ಷಕ್ಕೂ ಹೆಚ್ಚು ಜನರು ಹೇಳಿದ್ದು, ಎರಡೂ ಹಿಂದಿ ಶೀರ್ಷಿಕೆಯಡಿ ಸೇರಿವೆ. ಆದರೆ ಪ್ರತ್ಯೇಕ ಅಂಕಿ ದೊರೆಯುವುದು ಜನರು ತಮ್ಮ ಭಾಷೆಯ ಹೆಸರನ್ನು ಹೇಳಿದ್ದರಿಂದಲೇ.

ಜಾತಿ ಮತ್ತು ರಾಜ್ಯ

ಬಂಜಾರ, ಲಂಬಾಣಿ, ಲಂಬಾಡಿ, ಲಮಾಣಿ, ಸುಗಾಲಿ ಮೊದಲಾದ ಹೆಸರುಗಳು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿವೆ. ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಸುಗಾಲಿ, ಲಂಬಾಡಿಗಳು ಪರಿಶಿಷ್ಟ ಪಂಗಡದಲ್ಲಿಯೂ, ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಗಳ ವರ್ಗದಲ್ಲಿಯೂ ಸೇರಿದ್ದಾರೆ. ಭಾಷೆ, ಆಚಾರ ಒಂದೇ ಆದರೂ ರಾಜ್ಯದ ಗಡಿ ದಾಟಿದೊಡನೆ ವರ್ಗ ಬದಲಾಗುತ್ತದೆ. ವಲಸೆ ಹೋದ ಮಾತ್ರಕ್ಕೆ ಹೊಸ ರಾಜ್ಯದ ಪಟ್ಟಿಯ ಸೌಲಭ್ಯ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಪು ನೀಡಿರುತ್ತದೆ.

ಧರ್ಮ

1950ರ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗಿದ್ದು, ನಂತರ ಸಿಖ್ (1956) ಹಾಗೂ ಬೌದ್ಧ (1990) ಧರ್ಮೀಯರಿಗೂ ವಿಸ್ತರಿಸಲಾಗಿದೆ. ಪರಿಶಿಷ್ಟ ಪಂಗಡಕ್ಕೆ ಇಂತಹ ನಿರ್ಬಂಧವಿರುವುದಿಲ್ಲ. ಆದ್ದರಿಂದ ಧರ್ಮದ ಅಂಕಣವನ್ನು ಲಘುವಾಗಿ ಪರಿಗಣಿಸಬಾರದು.

ಇತರ ದೇಶಗಳಲ್ಲಿ

ಗುರುತುಗಳನ್ನು ಎಣಿಸುವ ಕ್ರಮ ಎಲ್ಲೆಡೆ ಒಂದೇ ಅಲ್ಲ. ಫ್ರಾನ್ಸ್ ತನ್ನ ಜನಗಣತಿಯಲ್ಲಿ ಧರ್ಮವನ್ನಾಗಲಿ ಜನಾಂಗವನ್ನಾಗಲಿ ಕೇಳುವುದಿಲ್ಲ. ಬೆಲ್ಜಿಯಂನಲ್ಲಿ ಎಣಿಕೆಯ ಫಲಿತಾಂಶದಿಂದ ಭಾಷಾ ಗಡಿಗಳ ವಿವಾದ ಉಂಟಾದ ಕಾರಣ 1947ರ ನಂತರದ ಜನಗಣತಿಗಳಲ್ಲಿ ಭಾಷೆಯ ಪ್ರಶ್ನೆಯನ್ನು ಕೈಬಿಡಲಾಯಿತು. ಭಾರತವು ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು 2025ರಲ್ಲಿ ನಿರ್ಧರಿಸಿದೆ. ಅದರ ಉಲ್ಲೇಖ ದಿನಾಂಕ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಆಗಿರುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಮಾತೃಭಾಷೆಯನ್ನು ಮನೆಯಲ್ಲಿ ಕರೆಯುವ ಹೆಸರಿನಿಂದಲೇ ತಿಳಿಸುವುದು. ಜಾತಿಯನ್ನು ಕರ್ನಾಟಕದ ಪಟ್ಟಿಯಲ್ಲಿರುವ ಹೆಸರಿನಿಂದ ನಮೂದಿಸುವುದು.

2. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿಯೂ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿ ತಾಲ್ಲೂಕು ನಂತರ ಹೊನ್ನಾಳಿಯಿಂದ ಬೇರ್ಪಟ್ಟಿತು. ಆದಕಾರಣ ತಂದೆಯ ಶಾಲಾ ದಾಖಲೆಯಲ್ಲಿ ಹಳೆಯ ಜಿಲ್ಲೆ, ತಾಲ್ಲೂಕಿನ ಹೆಸರಿದ್ದಲ್ಲಿ ಗ್ರಾಮ ಒಂದೇ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟಪಡಿಸುವುದು.

3. ಜನಗಣತಿ ಕಾಯ್ದೆ, 1948ರಂತೆ ವೈಯಕ್ತಿಕ ಉತ್ತರಗಳು ಗೌಪ್ಯವಾಗಿರುತ್ತವೆ. ಅವು ಜಾತಿ ಪ್ರಮಾಣ ಪತ್ರಕ್ಕೆ ಆಧಾರವಾಗುವುದಿಲ್ಲ. ಪ್ರಮಾಣ ಪತ್ರಕ್ಕಾಗಿ ನಾಡಕಚೇರಿಯಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸತಕ್ಕದ್ದು.

4. ತಹಶೀಲ್ದಾರರು ಅರ್ಜಿಯನ್ನು ತಿರಸ್ಕರಿಸಿದಲ್ಲಿ 30 ದಿನಗಳೊಳಗೆ ಉಪವಿಭಾಗಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.

ಇಂದು ತಪ್ಪಾಗಿ ಬರೆದ ಒಂದು ಪದವು ಮಕ್ಕಳ ವಿದ್ಯಾಭ್ಯಾಸ, ಉದ್ಯೋಗಗಳ ಸಂದರ್ಭದಲ್ಲಿ ಅಡ್ಡಿಯಾಗಬಹುದು. ಆದ್ದರಿಂದ ಸಾರ್ವಜನಿಕರು ಮೂರೂ ಅಂಕಣಗಳನ್ನು ತಾವೇ ಓದಿ ನೋಡಿ, ಖಚಿತಪಡಿಸಿಕೊಂಡ ನಂತರವೇ ಸಹಿ ಮಾಡಬೇಕೆಂದು ಕೋರಲಾಗಿದೆ.