ಥೇಮ್ಸ್‌ಗೆ ಎಸೆ ಅಂದಿದ್ದ ಪುಸ್ತಕ

ಮೈಸೂರಿನ ಯಾದವಗಿರಿಯಲ್ಲಿರೋ ಆರ್.ಕೆ. ನಾರಾಯಣ್ ಮನೆ 2016ರಿಂದ ವಸ್ತುಸಂಗ್ರಹಾಲಯ. ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಹೆಸರು ಬರುವ ಮುಂಚಿನ ಕತೆ ಎಷ್ಟು ಜನಕ್ಕೆ ಗೊತ್ತು?

1930ರ ದಶಕ. ಮೇಷ್ಟ್ರ ಕೆಲಸ ಬಿಟ್ಟು, ಬರೆದೇ ಬದುಕ್ತೀನಿ ಅಂತ ಕೂತಿದ್ದರು ನಾರಾಯಣ್. 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡ ಅಂದರು. ಮನೆ ಖರ್ಚಿಗೆ ಮದರಾಸಿನ 'ಜಸ್ಟಿಸ್' ಪತ್ರಿಕೆಗೆ ಮೈಸೂರು ಸುದ್ದಿ ಬರೆದರು. ಸುದ್ದಿಯ ಉದ್ದ ಅಳೆದು ಕಾಸು!

ಕೊನೆಗೆ ಬೇಸತ್ತು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಕಾಗದ ಬರೆದರು: ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಅಂತ. ಗೆಳೆಯ ಕೇಳಲಿಲ್ಲ, ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ಓದಲು ಕೊಟ್ಟ. 1935ರಲ್ಲಿ ಪುಸ್ತಕ ಅಚ್ಚಾಯಿತು.

ಅಲ್ಲಿಗೆ ಮುಗೀತಾ? ಇಲ್ಲ. ಪುಸ್ತಕ ಅಷ್ಟಾಗಿ ಖರ್ಚಾಗಲಿಲ್ಲ. ಎರಡನೇದನ್ನು ಅದೇ ಪ್ರಕಾಶಕರು ಒಲ್ಲೆ ಅಂದರು. ಅದು 1937ರಲ್ಲಿ ಬೇರೆಯವರಲ್ಲಿ, ಮೂರನೇದು 1938ರಲ್ಲಿ ಮತ್ತೊಬ್ಬರಲ್ಲಿ ಬಂತು. ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ 1960 ಆಗಬೇಕಾಯಿತು.

ಕತೆ ವಾಪಸ್ ಬಂತೆಂದು ಹರಿಯಲು ಹೊರಟ ಊರಿನ ಹುಡುಗ ಹುಡುಗಿಯರೇ, ನಾರಾಯಣ್ ಅವರಿಗೂ ಒಂದು ದಿನ ಸಾಕು ಅನ್ನಿಸಿತ್ತು. ಆ ದಿನ ಹಸ್ತಪ್ರತಿ ಅವರ ಕೈಲಿರಲಿಲ್ಲ, ಗೆಳೆಯನ ಹತ್ತಿರ ಇತ್ತು. ಉಳಿದದ್ದು ಹಾಗೆ. ನಿಮ್ಮದನ್ನೂ ಮಾತು ಕೇಳದ ಒಬ್ಬ ಗೆಳೆಯನ ಕೈಲಿ ಕೊಟ್ಟಿಡಿ.